ನೇಮಣ್ಣನವರ ಎಡ ಅಂಗೈ

ಗೋಕಾಕದ ಪೇಟೆಯಲ್ಲಿ ನೇಮಣ್ಣನವರ ಎಡಗೈಯನ್ನು ಕಂಡವರು ಕಡಿಮೆ. ಕೊರಳ ತನಕ ಗುಂಡಿ ಹಾಕಿದ ಕರಿಯ ಕೋಟಿನ ಜೇಬಿನಲ್ಲಿ ಅದು ಒಂದು ಕರ್ಪೂರದ ತುಂಡಿನ ಜೊತೆ ದಿನವಿಡೀ ಅಡಗಿ ಕೂತಿರುತ್ತಿತ್ತು. ವೈಶಾಖದ ಬಿಸಿಲಿನಲ್ಲೂ ಕೋಟು ಕಳಚಿದವರಲ್ಲ. ಮದುವೆ ಮನೆಯಲ್ಲಿ ಎರಡೂ ಕೈಯೊಡ್ಡಿ ವೀಳ್ಯ ತೆಗೆದುಕೊಳ್ಳುವ ಗಳಿಗೆ ಹತ್ತಿರವಾಯಿತೆಂದರೆ ಚಪ್ಪಲಿ ಹುಡುಕಲು ಎದ್ದುಬಿಡುತ್ತಿದ್ದರು. ಗೋಡೆಗೆ ಒತ್ತಿಕೊಂಡೇ ಸಾಗುವ ನಡಿಗೆ, ಎರಡು ಮಾತಿಗೊಮ್ಮೆ ‘ನೋಡ್ರಿ ಮತ್ತ’ ಎಂದು ತಮಗೆ ತಾವೇ ಎಚ್ಚರ ಹೇಳಿಕೊಳ್ಳುವ ರೂಢಿ. ಅವರ ಬಾಜೂ ಮನೆಗೆ ಬಾಡಿಗೆಗೆ ಬಂದ ಸಾಲಿ ಮಾಸ್ತರನಾದ ನಾನು, ಪಾಪ, ಬೆರಳೊಂದು ಹೋಗಿರಬೇಕೆಂದು ಎರಡು ವರ್ಷ ಮರುಗಿದ್ದೆ.

ಬೆರಳು ಐದೂ ಇದ್ದವು. ಅಂಗೈಯಲ್ಲಿದ್ದದ್ದು ವಾಸನೆ.

ಅವರದು ಸಂಕೇಶ್ವರದ ತುಪ್ಪದ ವ್ಯಾಪಾರದ ಜೈನ ಮನೆತನ. ಎರಡು ಹನಿ ತುಪ್ಪವನ್ನು ಎಡ ಅಂಗೈಗೆ ಬಿಟ್ಟು, ಮುಷ್ಟಿ ಕಟ್ಟಿ ಮೈಶಾಖದಲ್ಲಿ ಕಾಯಿಸಿ, ತೆರೆದು ಮೂಸಿದರೆ ಎಮ್ಮೆಯದೋ ಆಕಳದೋ, ಕೊಬ್ಬು ಕೂಡಿದೆಯೋ ಇಲ್ಲವೋ ಎಂದು ಹೇಳುವುದು ಆ ಮನೆಯ ಗಂಡಸರಿಗೆ ಅಕ್ಷರಾಭ್ಯಾಸವಿದ್ದ ಹಾಗೆ. ಹದಿನಾರನೆಯ ವಯಸ್ಸಿನಲ್ಲಿ, ಊರೂರು ನಡೆಯುತ್ತ ವಿಹಾರಕ್ಕೆ ಬಂದ ಮುನಿಗಳೊಬ್ಬರ ಮುಂದೆ ತಾಯಿ ಜಿನ್ನವ್ವ ಮಗನಿಂದ ಮದ್ಯ, ಮಾಂಸ, ಜೇನು ಮೂರನ್ನೂ ನಾಲಗೆಗೆ ಸೋಕಿಸೆನೆಂದು ವ್ರತ ಹಿಡಿಸಿದ್ದರು. ಆಮೇಲೆ ಕಾಲುವೆಯ ಎಂಜಿನಿಯರ್ ಸಾಹೇಬನ ಬಂಗಲೆಯಲ್ಲಿ ಉಗ್ರಾಣದ ಕಾರಕೂನನ ಕೆಲಸ ಸಿಕ್ಕಿತು. ಅಡುಗೆಮನೆಯ ಕಲಬೆರಕೆ ತುಪ್ಪವನ್ನು ಮೂಸಿ ಹಿಡಿದುಕೊಟ್ಟ ದಿನ, ಸಾಹೇಬ ತಮಾಷೆಗೆಂದು ಅದೇ ಅಂಗೈಗೆ ತನ್ನ ವಿಸ್ಕಿ ಬಾಟಲಿಯಿಂದ ನಾಲ್ಕು ಹನಿ ಬಿಟ್ಟ. ನೇಮಣ್ಣನವರು ಬೆವತರು. ಆದರೆ ವ್ರತ ನಾಲಗೆಯದು, ಮೂಗಿನ ಹೆಸರನ್ನು ಮುನಿಗಳು ಎತ್ತಿರಲಿಲ್ಲ ಎಂದು ಮನಸ್ಸು ಆ ಕ್ಷಣದಲ್ಲೇ ಒಂದು ಸಂದಿ ಹುಡುಕಿಕೊಟ್ಟಿತು. ಮುಂದಿನ ಇಪ್ಪತ್ತು ವರ್ಷ ಅವರು ಆ ಸಂದಿಯಲ್ಲೇ ಅಂಜುತ್ತ ಬಾಳಿದರು.

ಸಾಹೇಬ ಸ್ಕಾಟ್‌ಲೆಂಡಿನವನು. ಬೇರೆ ದೊರೆಗಳು ಹತ್ತು ಭಟ್ಟಿಯದನ್ನು ಬೆರೆಸಿದ ವಿಸ್ಕಿ ಕುಡಿದರೆ ಇವನಿಗೆ ಐಲಾ ಎಂಬ ನಡುಗಡ್ಡೆಯ ಒಂದೇ ಭಟ್ಟಿಯದು, ಬರಿ ಜವೆಗೋಧಿಯದು ಬೇಕು. ಅಲ್ಲಿ ಜವುಗಿನ ಕರಿಮಣ್ಣನ್ನು ಕಡಿದು, ಒಣಗಿಸಿ, ಅದರ ಹೊಗೆಯಲ್ಲಿ ಮೊಳಕೆ ಬಂದ ಜವೆಯನ್ನು ಒಣಗಿಸುತ್ತಾರಂತೆ. ಇದನ್ನು ಸಾಹೇಬ ಹೇಳುವ ಮೊದಲೇ ನೇಮಣ್ಣನವರ ಅಂಗೈ ಹೇಳಿತ್ತು. ಮೊದಲು ಕಣ್ಣಿಗೆ ಚುಚ್ಚುವ ಘಾಟು. ಅದು ಹಾರಿದ ಮೇಲೆ ಗಾಣದ ಮನೆಯಲ್ಲಿ ಕಬ್ಬಿನ ರವದಿ, ಸೋಗೆ ಉರಿಸಿದ ಹೊಗೆ. ಅದರ ಹಿಂದೆ ದವಾಖಾನೆಯ ಆಯೋಡಿನ್. ಒಂದು ಚಮಚ ನೀರು ಕೂಡಿಸಿದರೆ ಕೊಂಕಣದಿಂದ ಘಟ್ಟ ಹತ್ತಿ ಬಂದ ಉಪ್ಪಿನ ಗೋಣಿಯ ವಾಸನೆ. ಕೊನೆಗೆ ಕೈ ಒಣಗಿದಾಗ, ಎಲ್ಲ ಮುಗಿಯಿತೆನ್ನುವಾಗ, ತಳದಲ್ಲಿ ಉಳಿದ ಹೊಸ ಬೆಲ್ಲದ ಸಿಹಿ. ಸಮುದ್ರವನ್ನೇ ಕಾಣದ ಈ ಮನುಷ್ಯ ಯಾವ ಬಾಟಲಿ ಕಡಲಿನ ಬದಿಯ ಭಟ್ಟಿಯದು, ಯಾವುದು ಪೀಪಾಯಿಯಲ್ಲಿ ಹೆಚ್ಚು ವರ್ಷ ಮಲಗಿತ್ತು ಎಂದು ಹೇಳಿದರೆ ಸಾಹೇಬ ಕುರ್ಚಿಯಿಂದ ಏಳುತ್ತಿದ್ದ. ಇವರು ಮೂಸಿ ಹೂಂ ಅನ್ನದೆ ಅವನು ಗುಟುಕು ಕುಡಿಯುತ್ತಿರಲಿಲ್ಲ.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡವೆನ್ನುವ ಜನ. ಬಸದಿಯಲ್ಲಿ ಪಕ್ಕದವರು ಮೂಗು ಉಜ್ಜಿಕೊಂಡರೆ ಇವರು ಜೇಬಿನಲ್ಲೇ ಕರ್ಪೂರವನ್ನು ಅಂಗೈಗೆ ತಿಕ್ಕಿಕೊಳ್ಳುತ್ತಿದ್ದರು. ಹೆಂಡತಿ ಪದ್ಮವ್ವ ಬಚ್ಚಲಲ್ಲಿ ಬೂದಿ, ಹುಣಸೆಹಣ್ಣು, ಸೀಗೆಪುಡಿ ಇಟ್ಟಿರುತ್ತಿದ್ದರು. ಆ ಕೈ ತಾಗಿದ ತಂಬಿಗೆಯನ್ನು ಮಾತ್ರ ಬೇರೆಯಾಗಿ ತೊಳೆಯುತ್ತಿದ್ದರು.

ಯುದ್ಧದ ವರ್ಷಗಳಲ್ಲಿ ಹಡಗುಗಳು ನಿಂತು ಐಲಾದ ಬಾಟಲಿ ಬರುವುದು ತಪ್ಪಿತು. ಎರಡು ವರ್ಷದ ಮೇಲೆ, ಶ್ರಾವಣಕ್ಕೆ ಸ್ವಲ್ಪ ಮುಂಚೆ, ಹತ್ತರಗಿಯ ರಸ್ತೆಯಲ್ಲಿ, ವಿಲಾಯಿತಿ ಬಾಟಲಿಯಲ್ಲಿ ತುಂಬಿದ್ದ ಬಡಿಗರ ಪಾಲಿಶ್ ಸ್ಪಿರಿಟ್ ಕುಡಿದು ಇಬ್ಬರು ಸತ್ತು ಒಬ್ಬನ ಕಣ್ಣು ಹೋಗಿತ್ತು. ಅದೇ ವಾರ ಮುಂಬಯಿಯ ದಲಾಲನೊಬ್ಬ ಸಾಹೇಬನಿಗೆ ಐಲಾದ ಒಂದು ಬಾಟಲಿ ಕಳಿಸಿದ. ಅರಗಿನ ಮುದ್ರೆ ಒಂದು ಮಗ್ಗುಲಿಗೆ ಹೊಸದಾಗಿ ಕರಗಿಸಿದಂತಿತ್ತು. ನೇಮಣ್ಣನವರಿಗೆ ಎಂಟು ದಿನದ ನೆಗಡಿ. ಜೇಬಿನ ಕರ್ಪೂರವೂ ಮೂಗಿಗೆ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಬಟ್ಲರ್ ಕೇದಾರಿ ಗ್ಲಾಸು ತಂದಿಟ್ಟ. ನೇಮಣ್ಣನವರು ಅಂಗೈ ತೆರೆದು ಮೂರು ಸಲ ಮೂಸಿದರು. ಏನೂ ಇಲ್ಲ.

“ಮೂಗು ಮುಚ್ಚೈತ್ರಿ, ಸಾಹೇಬರ. ಇವತ್ತು ಬ್ಯಾಡ್ರಿ.”

ಎರಡು ವರ್ಷದಿಂದ ಕಾದಿದ್ದ ಸಾಹೇಬ, ನೆಗಡಿಗೆಲ್ಲ ಹೆದರಬಾರದೆಂದು ನಕ್ಕು ಗ್ಲಾಸೆತ್ತಿದ. ಇಪ್ಪತ್ತು ವರ್ಷ ದೊರೆಯ ಕೈ ಮುಟ್ಟದ ನೇಮಣ್ಣನವರು ಆ ಮಣಿಕಟ್ಟನ್ನು ಹಿಡಿದರು, ಗ್ಲಾಸು ಕಸಿದು ತಾವೇ ಒಂದು ಗುಟುಕು ಬಾಯಿಗೆ ಹಾಕಿಕೊಂಡರು.

ಸ್ಪಿರಿಟಿನ ಕಹಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಣ್ಣು ಮುಚ್ಚಿ ಕಾದರು. ಗುಟುಕಿನ ಘಾಟಿಗೆ ಮುಚ್ಚಿದ ಮೂಗು ಒಳಗಿನಿಂದ ತೆರೆಯಿತು, ಬಂದದ್ದು ಹೊಗೆ. ಹೊಗೆಯ ಹಿಂದೆ ಉಪ್ಪು, ಉಪ್ಪಿನ ಹಿಂದೆ ಬೆಲ್ಲ, ಎಲ್ಲವೂ ಅಂಗೈ ಹೇಳಿದ್ದ ಕ್ರಮದಲ್ಲೇ. ಮಾಲು ಅಪ್ಪಟ. ಪೀಕದಾನಿ ಕಾಲ ಬಳಿಯಲ್ಲೇ ಇತ್ತು. ಗಂಟಲು ಮಾತ್ರ ಯಾರನ್ನೂ ಕೇಳದೆ ನುಂಗಿತು.

ಆಮೇಲಿನ ಒಂದು ತಾಸು ಅವರು ಕುರ್ಚಿಯ ತೋಳು ಹಿಡಿದು, ಕಣ್ಣು ಮಂಜಾಗುತ್ತಿದೆಯೋ ಏನೋ ಎಂದು ಕಿಟಕಿಯ ಸರಳುಗಳನ್ನು ಎಣಿಸುತ್ತ ಕೂತರು. ನಾಲಗೆ ಹೇಳಿದ್ದನ್ನು ನಂಬಲು ಅವರಿಗೆ ಧೈರ್ಯವಿರಲಿಲ್ಲ. ಒಂಬತ್ತು ಸರಳು. ಮತ್ತೆ ಒಂಬತ್ತು. ಸಾಹೇಬನೂ ಬೆಳ್ಳಗಾಗಿ ಎದುರಿಗೇ ಕೂತಿದ್ದ. ಕೊನೆಗೆ ಇವರು ಎದ್ದು, “ಖರೇ ಮಾಲು ಐತ್ರಿ,” ಎಂದು ಉಗ್ರಾಣದ ಕೀಲಿಕೈ ಮೇಜಿನ ಮೇಲಿಟ್ಟು ಹೊರಟುಬಂದರು. ಮತ್ತೆ ಆ ಬಂಗಲೆಗೆ ಹೋಗಲಿಲ್ಲ.

ಬಸದಿಯ ಉಪಾಧ್ಯೆಯವರು ಎಲ್ಲ ಕೇಳಿ, “ಒಂದು ಜೀವಾ ಉಳಸಾಕಂತ ಬಾಯಾಗ ಹಾಕ್ಕೊಂಡ್ರಿ, ಅದಕ್ಕ ಪ್ರಾಯಶ್ಚಿತ್ತ ಐತಿ,” ಎಂದರಂತೆ. “ಆದ್ರ, ಉಗುಳಿದ್ರೋ ಇಲ್ಲೋ?” ನೇಮಣ್ಣನವರು, ಉಪಾಧ್ಯೆಯವರು ಹೇಳಿದ್ದಕ್ಕಿಂತ ಮೂರು ಪಟ್ಟು ಉಪವಾಸ ಮಾಡಿದರು.

ನಾನು ಅವರ ಎಡಗೈಯನ್ನು ಮೊದಲು ಕಂಡದ್ದು ಆಮೇಲೆ. ಅದು ಈಗ ಜೇಬಿನಿಂದ ಹೊರಬಂದು ಎಲ್ಲರಂತೆ ವೀಳ್ಯ ತೆಗೆದುಕೊಳ್ಳುತ್ತಿತ್ತು. ಭಯ ಮಾತ್ರ ಮೇಲಕ್ಕೆ ಹತ್ತಿ ಬಾಯಿಯಲ್ಲಿ ಕೂತಿತ್ತು. ಚಳಿಗಾಲದಲ್ಲಿ ಮೂಡಲಗಿಯ ಕಡೆ ಕಬ್ಬಿನ ಗಾಣ ಹೂಡಿದರೆಂದರೆ ಅವರು ಎರಡು ಹರದಾರಿ ಸುತ್ತುಹಾದಿ ಹಿಡಿಯುವರು, ರುಮಾಲಿನಿಂದ ಬಾಯಿ ಮುಚ್ಚಿಕೊಂಡು. ಒಮ್ಮೆ ಜೊತೆಗಿದ್ದ ನಾನು, ಬೆಲ್ಲದ ಹೊಗೆಗೆ ಅಂಜುವುದೇಕೆಂದು ಕೇಳಿದೆ. ಅವರು ರುಮಾಲನ್ನು ಚೂರು ಸರಿಸಿದರು.

“ಹೊಗಿ ಬಂತಂದ್ರ ಬಾಯಾಗ ನೀರ ಬರ್ತೈತ್ರಿ, ಮಾಸ್ತರ. ನೋಡ್ರಿ ಮತ್ತ.”

ಕುಡಿಯುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಅವರಿಗೆ ನಾಳೆಯ ಭಯವಿಲ್ಲ. ಕುಡಿಯದವರನ್ನೂ ಕಂಡಿದ್ದೇನೆ, ಅವರಿಗೆ ತಮ್ಮದೇ ಬಾಯಿಯ ಭಯವಿಲ್ಲ. ಇವರಿಬ್ಬರ ನಡುವೆ, ಆಯುಷ್ಯಕ್ಕೊಂದೇ ಗುಟುಕು ನುಂಗಿ, ಅದು ಕೆಟ್ಟದ್ದಾಗಿರಲಿಲ್ಲ ಎಂಬ ಸತ್ಯವನ್ನು ಯಾರಿಗೂ ಬಾಯಿಬಿಟ್ಟು ಹೇಳಲಾರದೆ ಬದುಕುವ ನೇಮಣ್ಣನವರಂಥ ಸಜ್ಜನರಿದ್ದಾರೆ. ಊರು ಅವರನ್ನು ವ್ರತನಿಷ್ಠರೆಂದು ಕರೆದು ಕೈಮುಗಿಯುತ್ತದೆ. ಅವರು ರುಮಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಸುತ್ತುಹಾದಿಯಲ್ಲಿ ನಡೆದುಹೋಗುತ್ತಾರೆ.