ಕತ್ತಿನವರೆಗೆ ನೀರು

"ಈ ದರಿದ್ರ ಕಾರು ಇವತ್ತೂ ಬಿಸಿ ಆಗ್ತಿಲ್ಲ ಕಣಕ್ಕ," ಎಂದು ಮೆಕ್ಯಾನಿಕ್ ಬಾನೆಟ್ಟಿನಡಿಯಿಂದ ತಲೆ ಹೊರಗೆಳೆದು ಕೈಯಲ್ಲಿದ್ದ ಚಿಂದಿಯನ್ನು ನೆಲಕ್ಕೆ ಎಸೆದ.

ಅಕ್ಕನ ಹಳೇ ಕಾರು ಗ್ಯಾರೇಜಿಗೆ ಬಂದದ್ದು ಇದು ಮೂರನೇ ಸಲ. ಥರ್ಮೋಸ್ಟಾಟ್ ಬದಲಾಯಿಸಿದ್ದಾಯಿತು, ಫ್ಯಾನಿನ ವೈರು ನೋಡಿದ್ದಾಯಿತು, ರೇಡಿಯೇಟರ್ ತೊಳೆದದ್ದಾಯಿತು. ಇಲ್ಲಿ ಮುಕ್ಕಾಲು ಗಂಟೆ ಓಡಿಸಿದರೂ ಶಾಖದ ಮುಳ್ಳು ಅರ್ಧದಲ್ಲೇ ಸಂಭಾವಿತನ ಹಾಗೆ ಕೂತಿರುತ್ತದೆ. ಭಾವನನ್ನು ಕೂರಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದರೆ ಮಾತ್ರ ಕೆಂಪು ಮುಟ್ಟುತ್ತದೆ. ಭಾವನ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ನಲವತ್ತು ಕಿಲೋಮೀಟರು, ಅಷ್ಟು ಬೆಳಿಗ್ಗೆ ಆ ಕಡೆಗೆ ಬಸ್ಸಿಲ್ಲ. ನಾಳೆಯೂ ಹೋಗಬೇಕು.

"ನೀರು ಕಡಿಮೆ ಆಗುತ್ತಾ?" ನೂರನೇ ಸಲ ಅಕ್ಕನನ್ನು ಕೇಳಿದ.

"ಇಲ್ವಲ್ಲ, ನೀನೇ ನೋಡು."

ಇಂಜಿನ್ ತಣ್ಣಗಾಗಲು ಬಿಟ್ಟು ಮುಚ್ಚಳ ತೆರೆದ. ರೇಡಿಯೇಟರ್ ಕತ್ತಿನವರೆಗೆ ತುಂಬಿತ್ತು. ಪ್ರತಿ ಸಲವೂ ಹಾಗೇ ತುಂಬಿರುತ್ತಿತ್ತು. ಸುಮ್ಮನೆ ಬೆರಳದ್ದಿ ತೆಗೆದ. ಹೋದ ವಾರ ತಾನೇ ಸುರಿದಿದ್ದ ಕೂಲೆಂಟಿನ ಹಸಿರು ಬಣ್ಣ ಎಲ್ಲಿಯೂ ಇರಲಿಲ್ಲ. ಬರೀ ನಲ್ಲಿ ನೀರು.

ಅವನಿಗೆ ಮೈಯೆಲ್ಲ ಉರಿದುಹೋಯಿತು. "ದಿನಾ ತುಂಬಿಸ್ತಿದ್ದೀಯ, ಅಲ್ವಾ?"

ಅಕ್ಕ ಕೈಚೀಲದ ಹಿಡಿಕೆ ತಿರುಚಿದಳು. "ಎರಡೇ ಬಾಟ್ಲಿ. ನೀರು ಹೋಗ್ತಿದ್ರೆ ಇಂಜಿನ್ನೇ ಕೆಟ್ಟಿದೆ ಅಂತ ಅರ್ಥ, ಗುಜರಿಗೆ ಹಾಕೋದೇ ಅಂದಿದ್ಯಲ್ಲ."

ಅಂದದ್ದು ನಿಜ, ಮೊದಲ ಸಲ, ಸಿಟ್ಟಿನಲ್ಲಿ. ತನ್ನ ಬಾಯಿಯ ಮೇಲೇ ಅವನಿಗೆ ಬೇಜಾರಾಯಿತು, ಆದರೂ ಬಿಡಲಿಲ್ಲ. "ಜ್ವರದ ಮಾತ್ರೆ ನುಂಗ್ಕೊಂಡು ಜ್ವರ ತೋರಿಸೋಕೆ ಹೋಗ್ತಾರಾ ಯಾರಾದ್ರೂ? ಮೂರು ವಾರ ತಲೆ ಚಚ್ಚಿಕೊಂಡೆ ನಾನು."

ಬೆಂಚಿನ ಮೇಲಿದ್ದ ಭಾವ ಮೆಲ್ಲಗೆ ನಕ್ಕರು. "ಡಾಕ್ಟರು ಹೇಳಿದ್ದಾರೆ ಅಂತ ನಂಗೆ ದಿನಕ್ಕೆ ಮೂರೇ ಲೋಟ ನೀರು ಅಳೆದು ಕೊಡ್ತಾಳೆ. ಕದ್ದು ಕುಡಿದ್ರೆ ಆಸ್ಪತ್ರೆ ತೂಕದಲ್ಲಿ ಸಿಕ್ಕಿಬೀಳ್ತೀನಿ, ಮನೆ ತಲುಪೋವರೆಗೂ ಬೈಗುಳ. ಇಲ್ಲಿ ನೋಡಿದ್ರೆ ಇವಳೇ ಕಾರಿಗೆ ಕದ್ದು ಕುಡಿಸ್ತಿದ್ದಾಳೆ."

ಅಕ್ಕ ಗಂಡನನ್ನು ದುರುಗುಟ್ಟಿ ನೋಡಿದಳು.

ಮೆಕ್ಯಾನಿಕ್ ರೇಡಿಯೇಟರಿನ ಬಾಯಿಗೆ ಗಾಳಿ ಒತ್ತುವ ಪಂಪು ಸಿಕ್ಕಿಸಿ, ಇಂಜಿನ್ನಿನ ಕೆಳಗೆ ಒಂದು ರಟ್ಟು ಹಾಸಿದ. ನೀರು ತುಂಬಿದ್ದನ್ನೇ ನಂಬಿ ಇಷ್ಟು ದಿನ ಈ ಪರೀಕ್ಷೆಯ ಗೋಜಿಗೇ ಹೋಗಿರಲಿಲ್ಲ. ರಟ್ಟಿನ ಮೇಲೆ ಹನಿ ಬಿದ್ದರೆ ಸೋರಿಕೆ ಹೊರಗಡೆ, ಪೈಪೋ ವಾಷರೋ, ಸಂಜೆಯೊಳಗೆ ಸರಿಹೋಗುತ್ತದೆ. ರಟ್ಟು ಒಣಗಿಯೇ ಇದ್ದು ಪಂಪಿನ ಒತ್ತಡದ ಮುಳ್ಳು ಇಳಿದರೆ ನೀರು ಇಂಜಿನ್ನಿನೊಳಕ್ಕೇ ಹೋಗುತ್ತಿದೆ; ಅಲ್ಲಿಗೆ ಕಾರಿನ ಕಥೆ ಮುಗಿಯಿತು. ಅದನ್ನು ಅವರಿಗೂ ಹೇಳಿದ.

"ಇನ್ನು ಯಾರೂ ಒಂದು ತೊಟ್ಟೂ ಹಾಕೋ ಹಾಗಿಲ್ಲ."

ಅಕ್ಕ ಚೀಲದಿಂದ ಮತ್ತೊಂದು ತುಂಬಿದ ಬಾಟಲಿ ತೆಗೆದು ಎಲ್ಲಿಡುವುದೆಂದು ನೋಡಿದಳು. ಭಾವ ಕೈಚಾಚಿ ಇಸಿದುಕೊಂಡು, ತೊಡೆಯ ಮೇಲಿಟ್ಟು, ಮುಚ್ಚಳ ಬಿಗಿ ಮಾಡಿದರು.

ಮುಳ್ಳು ಇಳಿಯತೊಡಗಿತು. ರಟ್ಟು ಒಣಗಿಯೇ ಇತ್ತು. ಮುಳ್ಳು ಇನ್ನಷ್ಟು ಇಳಿಯಿತು.

ರಟ್ಟಿನ ಮೇಲೆ ಟಪ್ ಎಂದಿತು. ಅಕ್ಕ ಮಂಡಿಯೂರಿ, ಕಾರಿನಡಿಗೆ ಕೈ ಹಾಕಿ, ಒದ್ದೆಯಾದ ಬೆರಳನ್ನು ಎತ್ತಿ ಗಂಡನಿಗೆ ತೋರಿಸಿದಳು.