ಮೊಳೆಗೂ ವಯಸ್ಸಾಗಲಿ

ಹುಟ್ಟಿದಾಗಿನಿಂದ ನನ್ನ ಮಗಳು ಯಶೋದಾಳ ಎಡಗಾಲು ಗಿಡ್ಡ. ಅವಳ ಚೂಡಿದಾರದ ಎಡಗಾಲನ್ನು ನಾನು ಯಾವಾಗಲೂ ಎರಡು ಬೆರಳಷ್ಟು ಮಡಚಿ ಹೊಲಿಯುತ್ತಿದ್ದೆ. ಹೊಲಿಗೆ ಕೆಲಸದವಳಿಗೆ ಅದೇನು ಕಷ್ಟವಲ್ಲ. ಅವಳು ತೊಡುವಾಗ ನೋಡುವುದು ಕಷ್ಟ.

ತೊಂಬತ್ತೆಂಟರಲ್ಲಿ ಹರಿಹರದಿಂದ ಅವಳನ್ನು ದಾವಣಗೆರೆಗೆ, ಪಿ.ಜೆ. ಬಡಾವಣೆಯ ಡಾಕ್ಟರ್ ಬಕ್ಕೇಶ್ ಹತ್ತಿರ ಕರೆದೊಯ್ದೆ. ಎಲುಬು ಕತ್ತರಿಸಿ, ದಿನಾ ಚೂರುಚೂರೇ ಸರಿಸಿದರೆ ಸಂದಿಯಲ್ಲಿ ಹೊಸ ಎಲುಬು ತುಂಬುತ್ತದಂತೆ. ಸರಿಸಲು ದಾರಿ ಎರಡು: ಕಾಲಿನ ಸುತ್ತ ಕಬ್ಬಿಣದ ಬಳೆ, ಇಲ್ಲವೇ ಎಲುಬಿನೊಳಗೇ ಉದ್ದವಾಗುವ ಫಾರಿನ್ ಮೊಳೆ.

"ಮೊಳೇನೇ ಹಾಕ್ರಿ. ಬಳೆ ಕಟ್ಕೊಂಡು ಹೋದ್ರೆ ಸ್ಕೂಲಿನಾಗೆ ಆಂಟೆನಾ ಅಂತಾರೆ" ಅಂದಳು ಯಶೋದಾ.

"ಈ ಮೊಳೆ ಹೊಸದು. ಓದಿ ಹೇಳ್ತೀನಿ, ಟೈಮ್ ಕೊಡ್ರಿ" ಅಂದ ಡಾಕ್ಟರು ನಿಜಕ್ಕೂ ಓದಿದ್ದರು. ಮುಂದಿನ ಸಲ ಅತ್ತೆ ಉಡಚಮ್ಮನೂ ಬಂದಿದ್ದರು. ಡಾಕ್ಟರ ಮೇಜಿನ ಮೇಲೆ ಫಾರಿನ್ ಡಾಕ್ಟರುಗಳ ಲೇಖನಗಳ ಝೆರಾಕ್ಸ್ ಕಟ್ಟು, ಅಂಚಿಗೆಲ್ಲ ಪೆನ್ಸಿಲ್ ಗುರುತು.

"ಚಲೋ ಆತು ಅಂತ ಬರ್ದಾರೆ. ಆದ್ರೆ ಬರ್ದೋರು ಮೊಳೆ ಹಾಕಿದೋರೇ. ಪೇಷಂಟ್‌ಗಳೂ ಕಡಿಮೆ. ಕಾಲು ತಿರುವಿ ಮೊಳೆ ಉದ್ದ ಮಾಡ್ಬೇಕು, ಕೆಲವರಿಗೆ ಮತ್ತೆ ಮಂಪರು ಕೊಟ್ಟು ತಿರುವ್ಯಾರೆ. ಬಾಳ ವರ್ಷ ಆದ್ಮೇಲೆ ಹೆಂಗಿರ್ತಾರೆ? ನನಗೂ ಗೊತ್ತಿಲ್ಲ."

ಅಷ್ಟು ಓದಿದವರ ಬಾಯಲ್ಲಿ 'ಗೊತ್ತಿಲ್ಲ' ಕೇಳಿದ್ದು ಅದೇ ಮೊದಲು. ಹೆದರಿಕೆಯಾಗಬೇಕಿತ್ತು, ನಂಬಿಕೆ ಬಂತು.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೊಣಕಾಲ ಕೆಳಗೊಂದು ಕಪ್ಪು ಗೆರೆ.

"ಎಲುಬು ಬೆಳೆಯೋ ಜಾಗ ಇದು. ಹದಿನೈದಕ್ಕೆ ಹೆಣ್ಮಕ್ಕಳಿಗೆ ಮುಚ್ತಾ ಬಂದಿರ್ತೈತೆ. ಇವಳದು ಪೂರಾ ತೆರೆದೈತೆ. ಮೊಳೆ ಇದನ್ನ ತೂರಿಕೊಂಡು ಹೋದ್ರೆ ಬೆಳವಣಿಗೆ ಕೆಡಬಹುದು. ವಯಸ್ಸು ಖರೇನಾ?"

"ಹದಿನೈದು ಅಂಬೋದು ಸ್ಕೂಲ್ ಸರ್ಟಿಫಿಕೇಟಿನ ಲೆಕ್ಕರಿ, ಅದರಾಗೆ ಹುಟ್ಟಿದ್ದು ಜೂನ್ ಒಂದು ಅಂತ ಐತ್ರಿ. ಮನೆ ಲೆಕ್ಕಕ್ಕೆ ಹದಿಮೂರು" ಅಂದೆ. ದಾಖಲೆಗೊಂದು, ಮನೆಗೊಂದು ವಯಸ್ಸಿರುವುದು ವಿಚಿತ್ರವೆಂದು ನಮಗೆ ಅನಿಸಿರಲೇ ಇಲ್ಲ.

"ಊರಿಗೂರೇ ಜೂನ್ ಒಂದಕ್ಕೆ ಹುಟ್ಟೈತಲ್ಲಮ್ಮ!" ಅಂದರು ಡಾಕ್ಟರು.

ತಮ್ಮೂರು ನಂದಿಗುಡಿಯಲ್ಲಿ ಅವಳನ್ನು ಶಾಲೆಗೆ ಸೇರಿಸಿದ್ದ ಅತ್ತೆ ಸೆರಗು ಸರಿಮಾಡಿಕೊಂಡರು. "ತಲೆ ಮ್ಯಾಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟು ಅಂದ್ರು ಮೇಷ್ಟ್ರು. ನಾಕು ವರ್ಷದ್ದು, ಕೈ ಉದ್ದ, ಮುಟ್ಟೇಬಿಡ್ತು. ಆರು ಅಂತ ಬರ್ಕಂಡ್ರು. ನಾ ಯಾಕ ಬ್ಯಾಡ ಅನ್ಲಿ?"

ಡಾಕ್ಟರು ನಕ್ಕರು. ಆಮೇಲೆ ನಮ್ಮನ್ನು ಬಿಟ್ಟು ಯಶೋದಾಳ ಕಡೆಗೇ ತಿರುಗಿದರು. "ಬಳೆ ಈಗ್ಲೂ ಹಾಕಬಹುದು. ಇಲ್ಲಾ, ಚಪ್ಪಲಿ ಎತ್ತರಿಸ್ಕೊಂಡು ಕಾಯಿ. ಮೊಳೆಗೂ ಎರಡು ವರ್ಷ ವಯಸ್ಸಾಗ್ಲಿ, ನಿನಗೂ ಆಗ್ಲಿ. ಅಷ್ಟರಾಗೆ ಮೊಳೆ ಹಾಕಿಸ್ಕೊಂಡೋರೆಲ್ಲ ಹೆಂಗ್ ನಡೀತಾರೆ, ಓದಿ ಹೇಳ್ತೀನಿ."

ಅವಳ ಕಣ್ಣು ತುಂಬಿತು. "ಕಾಯ್ತೀನಿ ಸರ್" ಅಂದಳು.

ಹರಿಹರದ ಬಸ್ಸಿನಲ್ಲಿ ತಲೆಯ ಮೇಲಿಂದ ಕೈ ಹಾಕಿ ಆಚೆ ಕಿವಿ ಹಿಂಡಿಕೊಂಡಳು. "ನೋಡಜ್ಜಿ, ಮತ್ತೆ ಒಂದನೇ ಕ್ಲಾಸಿಗೆ ಹಾಕ್ತಿಯೇನು?"

"ಸುಮ್ನೆ ಕೂಡ್ರೇ. ಎರಡು ವರ್ಷ ಮುಂಚೇನೇ ಎಸ್ಸೆಲ್ಸಿ ಮುಗಿಸ್ತಿ. ಕಾಯಾಕೆ ಪುರಸೊತ್ತು ಮಾಡಿಕೊಟ್ಟಿದ್ದು ಯಾರು?"