ರೇಡಿಯೇಟರಿಗೆ ಹುಣಸೆಹುಳಿ

ಹಳದಿ, ಇದೇನು ಹಳದಿ, ತುಕ್ಕಿನ ಕೆಂಪು ಬಂದಿದ್ದರೆ ಸರಿ, ಸುಣ್ಣದ ಬಿಳುಪು ಬಂದಿದ್ದರೂ ಸರಿ, ಜಗಳೂರಿನ ಬೋರಿನ ನೀರು ಕುಡಿದ ಹಳೇ ಕಾರು, ಒಳಗೆ ಸುಣ್ಣ ಕಟ್ಟದೆ ಇನ್ನೇನು ಕಟ್ಟೀತು — ಆದರೆ ಬಂಪರಿನ ಕೆಳಗಿಟ್ಟ ಬಾಂಡಲಿಗೆ ಸುರಿಯುತ್ತಿರುವುದು ಹಳದಿ ನೀರು, ಬೆನಕಪ್ಪ ಮೊಣಕಾಲೂರಿ ಬಗ್ಗಿ ಬೆರಳದ್ದಿ ಮೂಸಿದ, ಅರಿಶಿನ, ಅನುಮಾನವೇ ಇಲ್ಲ, ರೇಡಿಯೇಟರಿನೊಳಗೆ ಅರಿಶಿನ ಹಾಕಿದವರು ಯಾರು, ಯಾಕೆ, ಸೋರುವ ಕಡೆ ಮೆತ್ತಿಕೊಳ್ಳಲಿ ಅಂತ, ಇನ್ಯಾಕೆ — ಪಾಲಣ್ಣ, ನ್ಯಾಮತಿಯಲ್ಲಿ ಇದೇ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ ಪಾಲಣ್ಣ, ಮಾರಿ ಕೀಲಿ ಕೊಡುವಾಗ ಬಾನೆಟ್ಟಿನ ಮೇಲಿನ ಕೈ ತೆಗೆಯದೆ ಹೇಳಿದ್ದ, ಬೆನಕಪ್ನೋರೆ, ನೀರು ಹಾಕ್ರಿ, ಓಡಿಸ್ರಿ, ರೇಡಿಯೇಟರ್ ತಂಟೆಗೆ ಮಾತ್ರ ಹೋಗಬ್ಯಾಡ್ರಿ, ಹಿಟ್ಟಿನ ಗಿರಣಿಯ ಎಂಜಿನ್ನನ್ನು ಹದಿನೆಂಟು ವರ್ಷ ತಾನೇ ಬಿಚ್ಚಿ ತಾನೇ ಜೋಡಿಸಿದವನಿಗೆ ಇವನು ಬುದ್ಧಿ ಹೇಳುವುದೇ ಅಂತ ಆಗ ಮೀಸೆಯಲ್ಲೇ ನಕ್ಕಿದ್ದಾಯಿತು, ನಗು ಈಗ, ನಗು ಬೆನಕಪ್ಪ.

ತಪ್ಪೇನು ಮಾಡಿದೆ, ಒಳ್ಳೆಯದಕ್ಕೇ ಮಾಡಿದೆ, ಹೋದ ಶುಕ್ರವಾರ ದಾವಣಗೆರೆಯಿಂದ ಬರುವಾಗ ಕಾರು ಕುದ್ದು ಹೊಗೆಯಾಡಿ ನಡುದಾರಿಯಲ್ಲಿ ನಿಂತುಬಿಟ್ಟಿತ್ತು, ಹಿಂದಿನ ಸೀಟಿನಲ್ಲಿ ಕಲ್ಲಮ್ಮ, ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು, ಡಾಕ್ಟರಮ್ಮ ಆಗಷ್ಟೇ ಹೇಳಿ ಕಳಿಸಿದ್ದರು, ಕೂಸು ಅಡ್ಡ ಮಲಗಿದೆ, ನೋವು ಶುರುವಾದ ಕೂಡಲೇ ಕರಕೊಂಡು ಬನ್ನಿ, ಮನೆಯಲ್ಲಿ ಪ್ರಯತ್ನ ಪಡಬೇಡಿ, ಇನ್ನೂ ಎಂಟು ದಿನ ಇದೆ, ಎಂಟು ದಿನ, ಅಷ್ಟರಲ್ಲಿ ಕಾರಿನ ಹೊಟ್ಟೆ ತೊಳೆದಿಟ್ಟರೆ ಸಾಕು ಎಂದುಕೊಂಡವನಿಗೆ ದಾರಿ ತೋರಿಸಿದವಳು ಹೆಂಡತಿ ಕೊಟ್ರಮ್ಮ, ಒಳಗೆಲ್ಲ ತಾಮ್ರನೇ ಅಂತೀರಲ್ಲ, ಹಂಡೆ ತೊಳದಂಗೆ ಹುಣಸೆಹುಳಿ ಹಾಕಿ ತೊಳೀರಿ, ಮಾತು ಸರಿಯಾಗೇ ಇತ್ತು, ಎರಡು ಸೇರು ಹುಣಸೆಹಣ್ಣು ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ಸುರಿದು, ಅರ್ಧ ತಾಸು ಎಂಜಿನ್ ಓಡಿಸಿದ್ದು, ಬಾನೆಟ್ಟಿನಿಂದ ಸಾರಿನ ವಾಸನೆ ಎದ್ದಿದ್ದು, ಪಕ್ಕದ ಮನೆಯ ಮರುಳಪ್ಪ ಗೋಡೆಯಾಚೆಯಿಂದ ಒಗ್ಗರಣೆ ಯಾವಾಗ ಹಾಕ್ತೀಯೋ ಬೆನಕಪ್ಪ ಅಂದಿದ್ದು, ಸುಣ್ಣ ಚಕ್ಕೆಚಕ್ಕೆಯಾಗಿ ಬಂದಾಗ ಎದೆ ಉಬ್ಬಿದ್ದು, ಆಮೇಲೆ ಈ ಹಳದಿ. ರೇಡಿಯೇಟರಿನ ಅಡಿಯ ನಳ ತಿರುಗಿಸಿ ಬಿಗಿ ಮಾಡಿದ, ಹೊಸ ನೀರು ತುಂಬಿದ, ತಿಳಿ ನೀರು, ಆದರೂ ಟಪ್, ನಳದಿಂದಲ್ಲ, ಅದಕ್ಕಿಂತ ಒಂದು ಬೆರಳು ಮೇಲೆ, ಬೆಸುಗೆಯ ಸಂದಿನಿಂದ, ಟಪ್ ಟಪ್, ಪಾಲಣ್ಣನ ಅರಿಶಿನ ಎಷ್ಟು ವರ್ಷದಿಂದ ಹಿಡಿದುಕೊಂಡಿತ್ತೋ, ನೀನೇ ಕೈಯಾರೆ ತೊಳೆದು ಕಳೆದೆ.

ಏನ್ರೀ, ಕೊಟ್ರಮ್ಮನ ದನಿ, ಹೊಸಿಲಿನಿಂದ, ಕಲ್ಲಿಗೆ ನೋವು ಸುರುವಾಗೈತೆ ಕಣ್ರೀ, ಸುಳ್ಳು ನೋವಲ್ಲ, ಎಂಟು ದಿನ ಅಂದಿದ್ದರಲ್ಲ ಡಾಕ್ಟರಮ್ಮ, ಊರಿನ ಎರಡು ಬಾಡಿಗೆ ಕಾರೂ ಬೆಳಿಗ್ಗೆಯೇ ಚನ್ನಗಿರಿಯ ಲಗ್ನಕ್ಕೆ ಹೋದವು, ಬಸ್ಸು ಎರಡು ಗಂಟೆಗೆ, ಈಗ ಹತ್ತೂವರೆ, ದಾವಣಗೆರೆಗೆ ಮೂವತ್ತು ಮೈಲಿ — ತನ್ನಕ್ಕನನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಹೊರಟಾಗಲೂ ಹಗಲೇ, ಐವತ್ತೆಂಟನೇ ಇಸವಿ, ಅವಳದೂ ಚೊಚ್ಚಲು, ಅವಳ ಕೂಸೂ ಅಡ್ಡ, ಹಿಂದೆ ನಡೆದು ಬರುತ್ತಿದ್ದ ತಮ್ಮನಿಗೆ ಎರಡು ಗಾಲಿಗಳ ನಡುವಿನ ಧೂಳಿನಲ್ಲಿ ಕಂಡ ರಕ್ತದ ಹನಿಗಳು, ಮೊದಲು ದೂರ ದೂರ, ಆಮೇಲೆ ಒತ್ತೊತ್ತಾಗಿ, ಅಕ್ಕ ಆಸ್ಪತ್ರೆ ಮುಟ್ಟಲಿಲ್ಲ, ಕಾರು ಕೊಂಡದ್ದು ಅದಕ್ಕೇ, ಮೆರೆಯೋಕಲ್ಲ, ಯಾರಿಗೂ ಹೇಳಿಲ್ಲ, ಕೊಟ್ರಮ್ಮನಿಗೂ. ಅರಿಶಿನ ಐತೇನೆ ಅಂದ, ಐತೆ, ಬಾಣಂತಿಗೆ ಅಂತ ಕುಟ್ಟಿಟ್ಟಿದ್ದು, ಅದ್ಯಾಕ್ರೀ ಈಗ, ತಗೊಂಬಾ ಅಂದ್ರೆ ತಗೊಂಬಾ, ಅಷ್ಟನ್ನೂ. ಅವಳು ಡಬ್ಬಿ ತಂದುಕೊಟ್ಟಳು.

ಕಲಸಿ ಸುರಿದ, ಎಂಜಿನ್ ಹೊತ್ತಿಸಿದ, ಬಿಸಿಯಾಗಬೇಕು, ಬಿಸಿಯಾದರೆ ಮಾತ್ರ ಅದು ಸಂದು ಹುಡುಕಿಕೊಂಡು ಹೋಗಿ ಕೂರುತ್ತದೆ, ಕೆನ್ನೆ ನೆಲಕ್ಕೆ ತಾಗಿಸಿ ಮಲಗಿ ನೋಡಿದ, ಟಪ್, ಒಂದು ಎರಡು ಮೂರು, ಟಪ್, ಡಿಕ್ಕಿಯಲ್ಲಿ ನಾಲ್ಕು ಕೊಡ ನೀರಿಡು ಅಂತ ಕೂಗಿ ಹೇಳಿದ, ಟಪ್, ಈಗ ಏಳು ಎಣಿಸುವವರೆಗೆ ಬೀಳಲಿಲ್ಲ, ಒಳಗೆ ಕಲ್ಲಮ್ಮ ನರಳಿದಳು, ನರಳಾಟ ನಿಂತಿತು, ಮತ್ತೆ ನರಳಿದಳು, ಅವಳದು ಹತ್ತಿರ ಹತ್ತಿರವಾಗುತ್ತಿದೆ, ಇದು ದೂರ ದೂರವಾಗಬೇಕು, ಆಗಲೇಬೇಕು, ಹನ್ನೊಂದು, ಹನ್ನೆರಡು, ಟಪ್, ಅವಳ ಪಾದಗಳು ಬಂದು ಬಂಪರಿನ ಪಕ್ಕ ನಿಂತವು, ಊದಿದ ಪಾದ, ಕಾಲುಂಗುರ ಬಿಗಿದಿದೆ, ಅಪ್ಪಾಜಿ ಹೊರಡಾನೇನು, ಹ್ಞೂಂ ಮಗಳೇ ಕೂತ್ಕೋ, ಬಂದೆ, ಬಾಗಿಲು ಹಾಕಿದ ಸದ್ದು, ಹದಿನಾರು, ಕಾರಿನೊಳಗಿಂದ ಹಲ್ಲುಕಚ್ಚಿದ ನರಳಾಟ, ಏನ್ರೀ ಏಳ್ರೀ ಎನ್ನುವ ಕೊಟ್ರಮ್ಮ, ಹತ್ತೊಂಬತ್ತು, ಸಂದಿನ ತುದಿಯಲ್ಲಿ ಹನಿ, ಹಳದಿ ಹನಿ, ದಪ್ಪಗಾಗುತ್ತಿದೆ, ಇಪ್ಪತ್ತು, ಬೀಳಬೇಡ, ಇಪ್ಪತ್ತೊಂದು, ಹನಿ, ಇನ್ನೂ ಅಲ್ಲೇ, ಹನಿ